ಸಾವನ್ನು ಗೆದ್ದವರಿಗೆ ದೇವರು ಯಾಕೆ ಬೇಕು?

ಟೆಲಿವಿಷನ್ನಿನ ವಿಜ್ಞಾನ ಕಥಾ ಸರಣಿಗಳ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು, ಅವರು ವಾಸ್ಕೊ, ಮಡಗಾಂವಿನ ನಮ್ಮ ಕನ್ನಡ ಬಳಗದವರಾಗಿರಲಿ, ರಜೆ ಸಿಕ್ಕಾಗ ಹುಬ್ಬಳ್ಳಿಯ ಕಡೆಯಿಂದ ಘಟ್ಟ ಇಳಿದು ಬರುವ ನೆಂಟರಾಗಿರಲಿ, ಮಾತು ಸ್ವಲ್ಪ ಮುಂದುವರಿದ ಮೇಲೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಈ ಕಥೆಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗುಗಳಿವೆ, ಸತ್ತವರನ್ನು ಮತ್ತೆ ಎಬ್ಬಿಸುವ ಯಂತ್ರಗಳಿವೆ. ಹಾಗಿದ್ದ ಮೇಲೆ ಅಲ್ಲಿ ಶಿಲುಬೆ, ದೇವದೂತ, ಪ್ರವಾದಿ, ಕೊನೆಗೆ ನಮ್ಮ ಗಾಯತ್ರಿ ಮಂತ್ರವೂ ಯಾಕೆ ಬರಬೇಕು, ಸಾವನ್ನೇ ಗೆದ್ದವರಿಗೆ ದೇವರಿಂದ ಆಗಬೇಕಾದದ್ದೇನು ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಆಸ್ತಿಕರೂ ಇದ್ದಾರೆ, ನಾಸ್ತಿಕರೂ ಇದ್ದಾರೆ. ಮೊದಲಿನವರಿಗೆ ತಮ್ಮ ದೇವರನ್ನು ಅಲಂಕಾರಕ್ಕೆ ಬಳಸಿಕೊಂಡರಲ್ಲ ಎಂಬ ಅಸಮಾಧಾನ, ಎರಡನೆಯವರಿಗೆ ವಿಜ್ಞಾನದ ಹೆಸರಿನಲ್ಲಿ ಪುರಾಣವನ್ನು ದಾಟಿಸಿದರಲ್ಲ ಎಂಬ ಸಿಟ್ಟು.

ಮನುಷ್ಯನಿಗೆ ಸಾವಿನ ಭಯ, ಆ ಭಯಕ್ಕೆ ಧರ್ಮವೇ ಹಳೆಯ ಔಷಧ, ಆದ್ದರಿಂದ ಕಥೆಯೂ ಅದಕ್ಕೇ ಕೈ ಚಾಚುತ್ತದೆ ಎಂಬ ಉತ್ತರ ಎಲ್ಲರ ಬಾಯಲ್ಲೂ ಇರುವಂಥದ್ದು. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಮಾತನ್ನು ವೀರಗಲ್ಲಿನ ಬಗ್ಗೆಯೂ ಹೇಳಬಹುದು, ವಿಮಾ ಪಾಲಿಸಿಯ ಬಗ್ಗೆಯೂ ಹೇಳಬಹುದು. ನನ್ನ ಉತ್ತರ ಇದಕ್ಕಿಂತ ಲೌಕಿಕವಾದ ಜಾಗದಿಂದ ಶುರುವಾಗುತ್ತದೆ. ಕಾದಂಬರಿ ಮುಗಿಯುತ್ತದೆ, ಸಿನಿಮಾ ಮುಗಿಯುತ್ತದೆ. ಜನ ನೋಡುತ್ತಿರುವಷ್ಟು ದಿನ ಟೆಲಿವಿಷನ್ ಸರಣಿಯನ್ನು ಮುಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ನಟನಿಗೆ ವಯಸ್ಸಾಗುತ್ತದೆ, ಕಾಯಿಲೆಯಾಗುತ್ತದೆ, ಬೇಸರವಾಗಿ ಬಿಟ್ಟು ಹೋಗುತ್ತಾನೆ. ಪಾತ್ರ ಮಾತ್ರ ಉಳಿಯಬೇಕು. ಹೀಗೆ ಅಮರತ್ವ ಅಲ್ಲಿ ತತ್ತ್ವವಾಗುವ ಮೊದಲೇ ಕಸುಬಿನ ಅಗತ್ಯವಾಗಿತ್ತು. ಸತ್ತವನು ಹೇಗೆ ಎದ್ದ ಎಂಬುದಕ್ಕೆ ವಿಜ್ಞಾನದ ಹೆಸರಿನಲ್ಲಿ ಒಂದು ವಾಕ್ಯವನ್ನು ಕಟ್ಟಬಹುದು, ನೋಡುಗರು ಅದನ್ನು ತಲೆದೂಗಿ ಒಪ್ಪಿಕೊಳ್ಳುತ್ತಾರೆ ಕೂಡ. ಆದರೆ ಎದ್ದು ಬಂದವನನ್ನು ಹೇಗೆ ನೋಡಬೇಕು, ಅವನ ಮುಂದೆ ಹೇಗೆ ನಿಲ್ಲಬೇಕು, ಅಳಬೇಕೋ ಕೈಮುಗಿಯಬೇಕೋ ಎಂಬುದಕ್ಕೆ ಧರ್ಮ ಬಿಟ್ಟರೆ ಬೇರೆಲ್ಲೂ ಸಿದ್ಧವಾದ ವಿಧಿಯಿಲ್ಲ. ಸಂಕೇತಗಳು ಒಳಗೆ ಬರುವುದು ಆ ಬಾಗಿಲಿನಿಂದ.

ಬಿಬಿಸಿಯ 'ಡಾಕ್ಟರ್ ಹೂ' ಇದಕ್ಕೆ ಒಳ್ಳೆಯ ಸಾಕ್ಷಿ. 1963ರ ನವೆಂಬರಿನಲ್ಲಿ ಶುರುವಾದ ಈ ಸರಣಿಯ ಮೊದಲ ನಾಯಕ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಮೂರು ವರ್ಷಗಳೊಳಗೆ ಕೈಕೊಟ್ಟಿತು. 1966ರ ಅಕ್ಟೋಬರಿನಲ್ಲಿ ಅವರ ಪಾತ್ರ, ಡಾಕ್ಟರ್ ಎಂಬ ಅನ್ಯಲೋಕದ ಅಲೆಮಾರಿ, ನೆಲಕ್ಕೆ ಕುಸಿದು, ಮುಖ ಬೆಳಕಿನಲ್ಲಿ ಕರಗಿ, ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟನಾಗಿ ಎದ್ದಿತು. ಅಲ್ಲಿ ದೇವರೂ ಇರಲಿಲ್ಲ, ದೇವದೂತನೂ ಇರಲಿಲ್ಲ. ಇದ್ದದ್ದು ನಾಳೆಯ ಚಿತ್ರೀಕರಣ. ಹತ್ತು ವರ್ಷ ಕಳೆದ ಮೇಲೆ, 1976ರ ಕಥೆಯೊಂದರಲ್ಲಿ, ಹೀಗೆ ಹೊಸ ದೇಹ ತಾಳುವುದು ಹನ್ನೆರಡು ಬಾರಿ ಮಾತ್ರ ಸಾಧ್ಯವೆಂಬ ನಿಯಮವನ್ನು ಸೇರಿಸಿದರು. ಆಗಿನ್ನೂ ನಾಲ್ಕನೆಯ ನಟನ ಕಾಲ, ಹನ್ನೆರಡು ಎಂಬುದು ಯಾರ ಕಣ್ಣಿಗೂ ಎಟುಕದಷ್ಟು ದೂರದಲ್ಲಿತ್ತು. 2013ರ ಹೊತ್ತಿಗೆ ಲೆಕ್ಕ ಮುಗಿಯಿತು. ಸರಣಿಯನ್ನು ನಿಲ್ಲಿಸುವಂತಿಲ್ಲ, ನಿಯಮವನ್ನು ಮರೆತಂತೆ ನಟಿಸುವಂತೆಯೂ ಇಲ್ಲ. ಆಗ ಮಾಡಿದ್ದೇನೆಂದರೆ, ಮುದಿಯಾಗಿ ಸಾಯಲಿರುವ ಡಾಕ್ಟರನಿಗಾಗಿ ಅವನ ಸಹಚರಿ ಕ್ಲಾರಾ ಗೋಡೆಯ ಬಿರುಕಿನ ಮುಂದೆ ನಿಂತು, ಆಚೆ ಬದಿಯಲ್ಲಿರುವ ಕಾಣದವರನ್ನು ಬೇಡಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಬಿರುಕು ತೆರೆದು ಹೊಸ ಆಯುಷ್ಯ ಬೆಳಕಾಗಿ ಇಳಿದು ಬರುತ್ತದೆ. ಹದಿನಾರು ವರ್ಷಕ್ಕೆ ಆಯುಸ್ಸು ಮುಗಿದ ಮಾರ್ಕಂಡೇಯನ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನಮಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಟರ ಬದಲಾವಣೆಯ ಲೆಕ್ಕ ಕೊನೆಗೆ ಪ್ರಾರ್ಥನೆಯ ರೂಪ ತಾಳಿತು, ಏಕೆಂದರೆ ನಿಯಮವನ್ನು ಮೀರಿ ಆಯುಷ್ಯ ಕೊಡುವುದಕ್ಕೆ ಮನುಷ್ಯರು ಕಂಡುಕೊಂಡಿರುವ ರೂಪ ಅದೊಂದೇ.

ಇದೇ ಸರಣಿಯಲ್ಲಿ ಸಂಕೇತ ಬರೀ ಬಣ್ಣವಾಗಿ ಉಳಿದದ್ದೂ ಉಂಟು. 2007ರ ಕ್ರಿಸ್‌ಮಸ್ ವಿಶೇಷ ಕಂತಿನಲ್ಲಿ ಇಬ್ಬರು ಯಂತ್ರ ದೇವದೂತರು ಡಾಕ್ಟರನನ್ನು ಎರಡೂ ತೋಳುಗಳಲ್ಲಿ ಹಿಡಿದು ಹಡಗಿನ ಮೇಲ್ಭಾಗಕ್ಕೆ ಎತ್ತಿಕೊಂಡು ಹೋಗುತ್ತಾರೆ. ಅದನ್ನು ಬರೆದ ರಸೆಲ್ ಟಿ. ಡೇವಿಸ್ ತಾನು ನಾಸ್ತಿಕನೆಂದು ಬಹಿರಂಗವಾಗಿ ಹೇಳಿಕೊಂಡವರು. ನಾಸ್ತಿಕರು ದೇವದೂತರನ್ನು ಬಳಸಬಾರದೆಂದೇನೂ ಇಲ್ಲ. ನನ್ನ ತಕರಾರು ಬೇರೆ. ಆ ದೃಶ್ಯದಲ್ಲಿ ಸ್ವರ್ಗಾರೋಹಣದ ಚಿತ್ರವಿದೆ, ಸ್ವರ್ಗಾರೋಹಣಕ್ಕೆ ಮುಂಚೆ ಇರಬೇಕಾದ ತ್ಯಾಗವಿಲ್ಲ. ಧರ್ಮದಿಂದ ಚಿತ್ರವೊಂದನ್ನೇ ತಂದು, ಆ ಚಿತ್ರದ ಬೆನ್ನಿಗಿರುವ ಕಷ್ಟದ ಪ್ರಶ್ನೆಯನ್ನು ಹೊರಗೇ ಬಿಟ್ಟರೆ ಹೀಗಾಗುತ್ತದೆ. ಪ್ರಶ್ನೆಯನ್ನೂ ಒಳಗೆ ಕರೆದುಕೊಂಡ ಸರಣಿಗಳು ಯಾವುವು ಎಂದು ನೋಡುವುದು ನನ್ನ ಅಭ್ಯಾಸ.

ಗೋವಾದಲ್ಲಿ ಇರುವವರಿಗೆ ಆ ಪ್ರಶ್ನೆಗಳಲ್ಲೊಂದು ಮನೆ ಬಾಗಿಲಲ್ಲೇ ಇದೆ. ಹಳೆ ಗೋವಾದ ಬೊಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅವರು 1552ರ ಡಿಸೆಂಬರಿನಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ದೇಹ ಮಲಾಕ್ಕದ ಮೂಲಕ 1554ರಲ್ಲಿ ಗೋವಾ ತಲುಪಿತು. ಕೆಡದೆ ಉಳಿಯಿತೆಂಬ ನಂಬಿಕೆಯೇ ಆ ದೇಹದ ಮಹಿಮೆ. ಹತ್ತು ವರ್ಷಗಳಿಗೊಮ್ಮೆ ಅದನ್ನು ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಕಳೆದ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಅದು ಎದುರಿನ ಸೇ ಕ್ಯಾಥೆಡ್ರಲಿನಲ್ಲಿತ್ತು. ಸಾಲಿನಲ್ಲಿ ನಿಂತವರಲ್ಲಿ ಕ್ರೈಸ್ತರಷ್ಟೇ ಇರಲಿಲ್ಲ. ನಮ್ಮ ಬಾಗಲಕೋಟೆ, ಗದಗದ ಕಡೆಯ ಜನರೂ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಅಲ್ಲಿ ಉಳಿದಿರುವುದು ದೇಹ. ಆ ದೇಹದಲ್ಲಿ ಮಾತಿಲ್ಲ, ನೆನಪಿಲ್ಲ. ಬಲಗೈಯ ಭಾಗವೊಂದನ್ನು 1614ರಲ್ಲಿ ಬೇರ್ಪಡಿಸಿ ರೋಮಿಗೆ ಕಳಿಸಿದ್ದರಿಂದ ಅದು ಇಡಿಯಾಗಿಯೂ ಇಲ್ಲ. ಆದರೂ ಜನ ಅದರಲ್ಲಿ ಒಬ್ಬ ವ್ಯಕ್ತಿಯನ್ನೇ ಕಾಣುತ್ತಾರೆ.

2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಆಲ್ಟರ್ಡ್ ಕಾರ್ಬನ್' ಇದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಮನುಷ್ಯನ ನೆನಪೆಲ್ಲ ಕತ್ತಿನ ಹಿಂದಿರುವ ಒಂದು ಬಿಲ್ಲೆಯಲ್ಲಿ ದಾಖಲಾಗುತ್ತದೆ. ದೇಹ ಹಾಳಾದರೆ ಬಿಲ್ಲೆಯನ್ನು ಇನ್ನೊಂದು ದೇಹಕ್ಕೆ ಹಾಕಬಹುದು. ಗೀತೆಯ ಎರಡನೆಯ ಅಧ್ಯಾಯವನ್ನು ಬಲ್ಲವರಿಗೆ ಹಳೆಯ ಬಟ್ಟೆ ಬಿಟ್ಟು ಹೊಸತನ್ನು ಉಡುವ ಶ್ಲೋಕ ನೆನಪಾಗದೆ ಇರುವುದಿಲ್ಲ, ವ್ಯತ್ಯಾಸವಿಷ್ಟೇ, ಇಲ್ಲಿ ಬಟ್ಟೆಗೆ ಬೆಲೆಯ ಚೀಟಿ ಇದೆ. ಹಣವಂತರು ಒಳ್ಳೆಯ ದೇಹಗಳನ್ನು ಬೆಳೆಸಿಟ್ಟುಕೊಂಡು ಶತಮಾನಗಟ್ಟಲೆ ಬದುಕುತ್ತಾರೆ. ಬೈಬಲ್ಲಿನಲ್ಲಿ 969 ವರ್ಷ ಬಾಳಿದ ಮೆಥೂಸೆಲನ ಹೆಸರನ್ನೇ ಅವರಿಗೆ ಇಟ್ಟು, ಮೋಡಗಳ ಮೇಲೆ ಅವರ ಮನೆಗಳನ್ನು ಕಟ್ಟಲಾಗಿದೆ. ಬಡವರಿಗೆ ಸರ್ಕಾರ ಕೊಟ್ಟ ದೇಹವೇ ಗತಿ: ಅಪಘಾತದಲ್ಲಿ ಸತ್ತ ಪುಟ್ಟ ಹುಡುಗಿಯನ್ನು ನಡುವಯಸ್ಸಿನ ಹೆಂಗಸಿನ ದೇಹದಲ್ಲಿ ತಂದೆತಾಯಿಗೆ ಒಪ್ಪಿಸುವ ದೃಶ್ಯ ಮೊದಲ ಕಂತಿನಲ್ಲೇ ಬರುತ್ತದೆ.

ಈ ಲೋಕದಲ್ಲಿ ಪುನರುತ್ಥಾನವನ್ನು ಬೇಡವೆನ್ನುವವರು ಕ್ಯಾಥೊಲಿಕರು! ತಮ್ಮನ್ನು ಹೊಸ ದೇಹದಲ್ಲಿ ಎಬ್ಬಿಸಬಾರದೆಂದು ಅವರು ಮೊದಲೇ ಬರೆದಿಡುತ್ತಾರೆ. ಎದ್ದು ಬಂದು ಸಾಕ್ಷಿ ಹೇಳಲಾರರೆಂಬ ಧೈರ್ಯದಿಂದ ಅವರನ್ನು ಕೊಲ್ಲುವುದು ಸುಲಭವಾಗುತ್ತದೆ, ಹಾಗಾಗಿ ಕೊಲೆಯಾದವರನ್ನು ಎಬ್ಬಿಸಿ ವಿಚಾರಣೆ ಮಾಡಲು ಅವಕಾಶ ಕೊಡುವ ಕಾನೂನಿನ ಸುತ್ತ ಕಥೆಯ ದೊಡ್ಡ ಭಾಗವೇ ನಿಂತಿದೆ. ಮಡಗಾಂವಿನ ನನ್ನ ಕ್ಯಾಥೊಲಿಕ್ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ; ದೇಹ ಮತ್ತು ಆತ್ಮ ಒಂದೇ ಜೋಡಿ, ಎಬ್ಬಿಸುವ ಹಕ್ಕು ಒಬ್ಬನದೇ ಎಂದು ನಂಬಿದವರು ಬೇರೇನು ಮಾಡಿಯಾರು ಎಂದರು. ಈ ಸರಣಿಯ ಹಿಂಸೆ, ನಗ್ನತೆ ನನಗೆ ಅತಿಯೆನಿಸುತ್ತದೆ. ಆದರೆ ಅದರಲ್ಲಿನ ಒಂದು ಊಟದ ದೃಶ್ಯವನ್ನು ಮರೆಯಲಾರೆ. ಸತ್ತವರ ಹಬ್ಬದ ದಿನ ಪೊಲೀಸ್ ಅಧಿಕಾರಿ ಒರ್ಟೆಗಾ ತನ್ನ ತೀರಿಕೊಂಡ ಅಜ್ಜಿಯನ್ನು, ಮೈತುಂಬ ಹಚ್ಚೆಯಿರುವ ಪುಂಡನೊಬ್ಬನ ದೇಹದಲ್ಲಿ ಒಂದು ಸಂಜೆಯ ಮಟ್ಟಿಗೆ ಮನೆಗೆ ಕರೆತರುತ್ತಾಳೆ. ಅಜ್ಜಿ ಆ ದೇಹದಲ್ಲಿ ಆರಾಮವಾಗಿ ಕೂತು ಊಟ ಮಾಡುತ್ತದೆ, ಮಕ್ಕಳು ಸುತ್ತ ಸೇರುತ್ತಾರೆ, ಒರ್ಟೆಗಾಳ ದೈವಭಕ್ತೆ ತಾಯಿ ಮಾತ್ರ ಸಿಟ್ಟಿನಿಂದ ಕುದಿಯುತ್ತಾಳೆ. ಪಕ್ಷಕ್ಕೆ ಎಡೆಯಿಟ್ಟು ಕಾಗೆಗಾಗಿ ಕಾಯುವ ನಮ್ಮ ಮನೆಗಳಿಗೆ, ಹಿರಿಯರು ಊಟಕ್ಕೆ ನಿಜವಾಗಿ ಬಂದೇ ಬಿಟ್ಟರೆ ಏನು ಮಾಡುತ್ತೇವೆಂದು ಕೇಳುವ ದೃಶ್ಯ ಅದು.

ಗಾಯತ್ರಿ ಮಂತ್ರದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಮ್ಮವರು ಹೆಚ್ಚು ಕೇಳುವುದು ಅದನ್ನೇ. 2004ರಿಂದ 2009ರವರೆಗೆ ನಡೆದ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದ ಶೀರ್ಷಿಕೆ ಸಂಗೀತದಲ್ಲಿ ಆ ಮಂತ್ರವಿದೆ. ಸರಣಿಯೊಳಗೆ ಯಾರೂ ಅದರ ಅರ್ಥ ಹೇಳುವುದಿಲ್ಲ, ಅದನ್ನು ಆಧಾರವಾಗಿಟ್ಟುಕೊಂಡು ಕಥೆಯೂ ನಡೆಯುವುದಿಲ್ಲ. ಆ ಮಟ್ಟಿಗೆ ಅದು ಅಲಂಕಾರವೇ, ಅದರಲ್ಲಿ ಹೆಮ್ಮೆಪಡುವುದಕ್ಕಾಗಲಿ ನೊಂದುಕೊಳ್ಳುವುದಕ್ಕಾಗಲಿ ಹೆಚ್ಚಿನದೇನೂ ನನಗೆ ಕಾಣುವುದಿಲ್ಲ. ಈ ಸರಣಿಗೆ ಪರಧರ್ಮದ ಸಾಮಗ್ರಿ ಹೊಸದೂ ಅಲ್ಲ. 1978ರ ಮೂಲ ಸರಣಿಯನ್ನು ಕಟ್ಟಿದ ಗ್ಲೆನ್ ಲಾರ್ಸನ್ ಮಾರ್ಮನ್ ಪಂಥದವರು. ಮನುಷ್ಯರ ಮೂಲ ಗ್ರಹ ಕೋಬಾಲ್ ಅವರ ಗ್ರಂಥದ ಕೋಲಾಬ್ ಎಂಬ ನಕ್ಷತ್ರದಿಂದ ಬಂದದ್ದು. ರೊನಾಲ್ಡ್ ಮೂರ್ ಅದನ್ನು ಹೊಸದಾಗಿ ಕಟ್ಟುವಾಗ ಮಾಡಿದ ದೊಡ್ಡ ಕೆಲಸವೆಂದರೆ ಮನುಷ್ಯರಿಗೆ ಗ್ರೀಕ್ ಹೆಸರುಗಳ ಅನೇಕ ದೇವರುಗಳನ್ನು ಕೊಟ್ಟು, ಅವರ ವಿರುದ್ಧ ದಂಗೆಯೆದ್ದ ಸೈಲಾನ್ ಯಂತ್ರಗಳಿಗೆ ಒಬ್ಬನೇ ದೇವರನ್ನು ಕೊಟ್ಟದ್ದು. ಹನ್ನೆರಡು ಗ್ರಹಗಳ ಜನರನ್ನು ಕೊಂದು ಸುಮಾರು 50,000 ಮಂದಿಯನ್ನು ಮಾತ್ರ ಉಳಿಸಿದ ಯಂತ್ರಗಳು ದೇವರ ಪ್ರೀತಿಯ ಬಗ್ಗೆ ಮಾತಾಡುತ್ತವೆ.

ಇಲ್ಲಿನ ಅಮರತ್ವ ನಮಗೆ ಪರಿಚಿತವಾದದ್ದು. ಮನುಷ್ಯರೂಪದ ಸೈಲಾನ್ ಸತ್ತರೆ ಅದರ ನೆನಪೆಲ್ಲ ಸಮೀಪದ ಪುನರುತ್ಥಾನದ ಹಡಗಿಗೆ ಹರಿದು, ದ್ರವ ತುಂಬಿದ ತೊಟ್ಟಿಯಲ್ಲಿ ಅದೇ ರೂಪದ ಇನ್ನೊಂದು ದೇಹ ಕಣ್ಣು ತೆರೆಯುತ್ತದೆ. ಇದು ಪುನರ್ಜನ್ಮವೇ, ಆದರೆ ಹಿಂದಿನ ಜನ್ಮದ ನೆನಪು ಅಳಿಯದ ಪುನರ್ಜನ್ಮ. ನಮ್ಮ ಕಥೆಗಳಲ್ಲಿ ಜಾತಿಸ್ಮರರು ಅಪರೂಪ; ಮರೆವು ಹುಟ್ಟಿನ ಜೊತೆಗೇ ಬರುವ ಕರುಣೆ. ಆ ಕರುಣೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಸರಣಿ ಒಂದೊಂದಾಗಿ ತೋರಿಸುತ್ತ ಹೋಗುತ್ತದೆ. 2006ರ ಒಂದು ಕಂತಿನಲ್ಲಿ ಮತ್ತೆ ಮತ್ತೆ ಹೊಡೆದುರುಳಿಸಿದ ಸೈಲಾನ್ ಯುದ್ಧವಿಮಾನವೊಂದು, ಅದೂ ಒಂದು ಜೀವಿಯೇ, ಪ್ರತಿ ಸಾವಿನ ನೋವನ್ನು ಹೊತ್ತು ತಂದು ಪ್ರತಿ ಸಲವೂ ಹೆಚ್ಚು ಚತುರವಾಗಿ, ಹೆಚ್ಚು ದ್ವೇಷದಿಂದ ತಿರುಗಿ ಬರುತ್ತದೆ. ಡಿಯಾನಾ ಎಂಬ ಸೈಲಾನ್ ಸಾವಿಗೂ ಹುಟ್ಟಿಗೂ ನಡುವಿನ ಕ್ಷಣದಲ್ಲಿ ಕಾಣುವ ಮುಖಗಳ ಆಸೆಗೆ ಬಿದ್ದು ಬೇಕೆಂದೇ ಮೇಲಿಂದ ಮೇಲೆ ಸಾಯುತ್ತಾಳೆ. ಮೊದಲು ಪಾದ್ರಿಯ ವೇಷದಲ್ಲಿ ಬರುವ, ದೇವರನ್ನು ಎಳ್ಳಷ್ಟೂ ನಂಬದ ಕ್ಯಾವಿಲನ ದುಃಖ ಇನ್ನೂ ವಿಚಿತ್ರ: ನಕ್ಷತ್ರ ಸಿಡಿಯುವುದನ್ನು ಕಣ್ಣಾರೆ ಕಂಡರೂ ತನಗೆ ಸಿಕ್ಕಿದ್ದು ಮನುಷ್ಯರ ಲೋಳೆಗಣ್ಣು, ಗಾಮಾ ಕಿರಣವನ್ನು ಕಾಣಲಾರದ ಕಣ್ಣು ಎಂದು ತನ್ನನ್ನು ಮಾಡಿದವಳ ಮೇಲೆ ಹರಿಹಾಯುತ್ತಾನೆ. ಅವನಿಗೆ ಅಮರತ್ವ ಸಿಕ್ಕಿದೆ, ಬೇಡವಾದ ದೇಹದಲ್ಲಿ.

2008ರಲ್ಲಿ ಬಂಡೆದ್ದ ಸೈಲಾನರು ಮನುಷ್ಯರ ಜೊತೆ ಸೇರಿ ಪುನರುತ್ಥಾನದ ಕೇಂದ್ರವನ್ನೇ ನಾಶ ಮಾಡುತ್ತಾರೆ. ಮುಗಿಯುವ ಬದುಕಾದ್ದರಿಂದಲೇ ಮನುಷ್ಯರ ಬದುಕಿಗೆ ಅರ್ಥವಿದೆ, ನಮಗೂ ಅದು ಬೇಕು ಎಂಬುದು ಅವರ ನಾಯಕಿ ನಟಾಲಿಯ ವಾದ. ಭವಚಕ್ರದ ಮಾತು ಕೇಳಿ ಬೆಳೆದವರು ಇದನ್ನು ಬಿಡುಗಡೆಯ ದೃಶ್ಯವೆಂದು ಕೂಡಲೇ ಗುರುತಿಸುತ್ತಾರೆ, ನಾನೂ ಮೊದಲ ಸಲ ಹಾಗೆಯೇ ನೋಡಿದೆ. ಆದರೆ ಸರಣಿ ಹೋಗುವುದು ಮುಕ್ತಿಯ ಕಡೆಗಲ್ಲ. ಹುಟ್ಟಿನಿಂದ ಬಿಡುಗಡೆ ಅವರಿಗೆ ಬೇಕಿಲ್ಲ, ಅವರಿಗೆ ಬೇಕಾದದ್ದು ಮಕ್ಕಳು, ಮುಪ್ಪು, ಒಂದೇ ಒಂದು ಬದುಕು. ನಮ್ಮ ಕಣ್ಣಿಗೆ ಅರ್ಧ ದಾರಿಯಲ್ಲಿ ನಿಂತಂತೆ ಕಾಣುವುದು ಅವರ ಕಣ್ಣಿಗೆ ಊರು ಮುಟ್ಟಿದಂತೆ. ಈ ಅಂತರವನ್ನು ಗಮನಿಸುವುದಕ್ಕಾದರೂ ಕನ್ನಡದ ಓದುಗರು ಇದನ್ನು ನೋಡಬೇಕೆಂದು ನಾನು ಹೇಳುತ್ತಿರುತ್ತೇನೆ. 2009ರ ಕೊನೆಯ ಕಂತಿನಲ್ಲಿ ದೇವದೂತರು ನಿಜಕ್ಕೂ ಇದ್ದರೆಂದು ಹೇಳಿದ್ದಕ್ಕೆ ಬಹಳ ಜನ ಕೋಪಿಸಿಕೊಂಡರು. ನನಗೆ ಕೋಪ ಬಂದದ್ದು ಅದಕ್ಕಲ್ಲ, ಮೊದಲಿನಿಂದಲೂ ಆ ಸೂಚನೆಯಿತ್ತು. ಸತ್ತು ತಿರುಗಿ ಬಂದಿದ್ದ ಸ್ಟಾರ್‌ಬಕ್ ಎಂಬ ಪೈಲಟ್, ತಾನು ಏನೆಂಬ ಪ್ರಶ್ನೆಯನ್ನು ಇಡೀ ವರ್ಷ ಹೊತ್ತು ತಿರುಗಿದವಳು, ಮಾತಾಡುತ್ತಿದ್ದಂತೆ ಗಾಳಿಯಲ್ಲಿ ಮಾಯವಾದಾಗ ಬಂತು. ಅಲ್ಲಿ ದೇವರ ಹೆಸರು ಹೇಳಿ ಲೆಕ್ಕ ಒಪ್ಪಿಸದೆ ಹೋದರು.

ಸಾಯಲಾರದವನ ಏಕಾಂತವಂತೂ ನಮಗೆ ಹೊಸದಲ್ಲ. ಏಳು ಮಂದಿ ಚಿರಂಜೀವಿಗಳಲ್ಲಿ ಅಶ್ವತ್ಥಾಮನ ಹೆಸರು ಮೊದಲು ಬರುತ್ತದೆ, ಆದರೆ ಸೌಪ್ತಿಕ ಪರ್ವದಲ್ಲಿ ಅವನಿಗೆ ಸಿಗುವುದು ವರವಲ್ಲ. ರಕ್ತ ಕೀವುಗಳ ವಾಸನೆ ಹೊತ್ತು, ಯಾರ ಜೊತೆಗೂ ಮಾತಿಲ್ಲದೆ 3000 ವರ್ಷ ಅಲೆಯುವ ಶಾಪ. 'ಟಾರ್ಚ್‌ವುಡ್' ಸರಣಿಯ ಜಾಕ್ ಹಾರ್ಕ್‌ನೆಸ್ ಅದೇ ವಂಶದವನು, ಏನೇ ಆದರೂ ಸತ್ತು ಮತ್ತೆ ಉಸಿರೆಳೆದುಕೊಳ್ಳುವವನು. 2011ರಲ್ಲಿ ಬಂದ ಅದರ ಕೊನೆಯ ಕಂತುಗಳಲ್ಲಿ ಒಂದು ದಿನ ಭೂಮಿಯ ಮೇಲೆ ಯಾರೂ ಸಾಯದಂತಾಗುತ್ತದೆ. ಜನ ಅದನ್ನು ಪವಾಡವೆಂದು ಕೊಂಡಾಡುತ್ತಾರೆ. ಗಾಯ ಮಾತ್ರ ಮಾಯುವುದಿಲ್ಲ, ನೋವು ನಿಲ್ಲುವುದಿಲ್ಲ, ಆಸ್ಪತ್ರೆಗಳು ತುಂಬುತ್ತವೆ. ಕೊನೆಗೆ ಸರ್ಕಾರಗಳು ಬದುಕಿರುವವರನ್ನು ವರ್ಗಗಳಾಗಿ ವಿಂಗಡಿಸಿ, ಸಾಯಬೇಕಿದ್ದವರನ್ನು ಶಿಬಿರಗಳಲ್ಲಿ ಜೀವಂತ ಸುಡಲು ತೊಡಗುತ್ತವೆ. ಹತ್ತು ಕಂತುಗಳಿಗೆ ಸಾಲುವಷ್ಟು ಕಥೆ ಅಲ್ಲಿರಲಿಲ್ಲ, ಎಳೆದಿದ್ದಾರೆ. ಆದರೂ ಪವಾಡ ಕಡತವಾಗುವ ಆ ನಡುವಿನ ಕಂತುಗಳು ಹೆದರಿಸುತ್ತವೆ. 1996ರ 'ಸ್ಟಾರ್ ಟ್ರೆಕ್: ವಾಯೇಜರ್'ನಲ್ಲಿ ದೇವಸಮಾನನಾದ ಒಬ್ಬ ಅಮರ, ತನ್ನವರಲ್ಲಿ ಹೇಳುವುದಕ್ಕೆ ಹೊಸ ಮಾತೇ ಉಳಿದಿಲ್ಲವೆಂದು ಸಾಯುವ ಹಕ್ಕನ್ನು ಕೇಳಿ ಹಡಗಿನ ಕ್ಯಾಪ್ಟನ್ನಿನ ಮುಂದೆ ದಾವೆ ಹೂಡುತ್ತಾನೆ, ಅದು ಒಂದೇ ಕಂತು, ಹೆಚ್ಚು ಬಿಗಿಯಾಗಿದೆ.

ಸಂಕೇತವನ್ನೇ ಅನುಮಾನದಿಂದ ನೋಡಿದ ಸರಣಿಯೆಂದರೆ 1994ರಿಂದ 1998ರವರೆಗೆ ನಡೆದ 'ಬ್ಯಾಬಿಲಾನ್ 5'. ಅದನ್ನು ಬರೆದ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿಯೂ ನಾಸ್ತಿಕರೇ, ಆದರೆ ಧರ್ಮವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಬ್ಬ ಟೆಲಿವಿಷನ್ ಲೇಖಕರನ್ನು ನಾನು ಕಂಡಿಲ್ಲ. ವೋರ್ಲಾನರೆಂಬ ಪುರಾತನ ಜೀವಿಗಳು ಸದಾ ಕವಚದೊಳಗೆ ಇರುತ್ತಾರೆ. 1995ರ ಒಂದು ಕಂತಿನಲ್ಲಿ ಎತ್ತರದಿಂದ ಬೀಳುತ್ತಿರುವ, ಬ್ಯಾಬಿಲಾನ್ 5 ಎಂಬ ಬಾಹ್ಯಾಕಾಶ ನಿಲ್ದಾಣದ ಮುಖ್ಯಸ್ಥ ಶೆರಿಡನನನ್ನು ಉಳಿಸಲು ಅವರಲ್ಲಿ ಒಬ್ಬನಾದ ಕೋಶ್ ಕವಚ ಬಿಟ್ಟು ಹೊರಬರುತ್ತಾನೆ. ನೋಡಿದವರಿಗೆಲ್ಲ ಬೆಳಕಿನ ರೆಕ್ಕೆಗಳ ದೇವತೆ ಕಾಣುತ್ತದೆ, ಅವರವರಿಗೆ ಅವರವರ ಧರ್ಮದ್ದು. ಲಂಡೋ ಎಂಬೊಬ್ಬನಿಗೆ ಮಾತ್ರ ಏನೂ ಕಾಣುವುದಿಲ್ಲ. ಆಮೇಲೆ ತಿಳಿಯುವುದೇನೆಂದರೆ, ತಮ್ಮನ್ನು ದೇವತೆಗಳಾಗಿ ಕಾಣುವಂತೆ ವೋರ್ಲಾನರೇ ಕಿರಿಯ ಜನಾಂಗಗಳನ್ನು ಬಹಳ ಹಿಂದೆ ತಿದ್ದಿಟ್ಟಿದ್ದರು. ಭಕ್ತಿ ನಿಜ, ಭಕ್ತಿಗೆ ಪಾತ್ರರಾದವರು ರಾಜಕಾರಣಿಗಳು. ಹಿಂದಿನ ವರ್ಷದ ಮತ್ತೊಂದು ಕಂತಿನಲ್ಲಿ ಯುದ್ಧಾಪರಾಧಿ ವಿಜ್ಞಾನಿಯೊಬ್ಬಳು ಸಾವಿಲ್ಲದಂತೆ ಮಾಡುವ ಔಷಧ ತರುತ್ತಾಳೆ; ಒಬ್ಬರು ಉಳಿಯಬೇಕಾದರೆ ಇನ್ನೊಬ್ಬರು ಸಾಯಬೇಕು, ಅದು ಔಷಧದ ಸೂತ್ರದಲ್ಲೇ ಇದೆ. ಅದಕ್ಕಾಗಿ ಲೋಕ ಪರಸ್ಪರ ಕೊಂದುಕೊಳ್ಳಲಿ ಎಂಬುದೇ ಅವಳ ಸೇಡು. ವೋರ್ಲಾನರು ಅವಳ ಹಡಗನ್ನು ಸುಟ್ಟು, ನೀವಿನ್ನೂ ಅಮರತ್ವಕ್ಕೆ ಸಿದ್ಧರಾಗಿಲ್ಲ ಎನ್ನುತ್ತಾರೆ. ಆ ಮಾತು ನಿಜವೆಂದು ನಮಗೂ ಅನ್ನಿಸುತ್ತದೆ, ಆದರೆ ಹಾಗೆ ತೀರ್ಮಾನಿಸಲು ಅವರಿಗೆ ಅಧಿಕಾರ ಕೊಟ್ಟವರಾರು ಎಂಬ ಪ್ರಶ್ನೆಯನ್ನು ಸರಣಿ ಮುಂದಿನ ಮೂರು ವರ್ಷ ಬಿಡುವುದಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದು ಕೇಳುವವರಿಗೆ ನಾನು ಈ ಯಾವುದನ್ನೂ ಹೇಳದೆ 'ಬ್ಲ್ಯಾಕ್ ಮಿರರ್'ನ 2016ರ 'ಸ್ಯಾನ್ ಜುನಿಪೆರೊ' ಎಂಬ ಒಂದೇ ಕಂತನ್ನು ಹೇಳುತ್ತೇನೆ. ಅಲ್ಲಿ ಸಾಯುವವರು ತಮ್ಮ ಪ್ರಜ್ಞೆಯನ್ನು ಕಂಪ್ಯೂಟರಿನೊಳಗಿನ ಕಡಲತೀರದ ಊರಿಗೆ ದಾಟಿಸಿ ಸದಾ ಯೌವನದಲ್ಲಿ ಇರಬಹುದು. ಆ ಊರಿನಲ್ಲಿ ಪೂಜೆಯಿಲ್ಲ, ಮಂತ್ರವಿಲ್ಲ. ಆದರೆ ಕೆಲ್ಲಿ ಎಂಬ ವೃದ್ಧೆ ಅಲ್ಲಿಗೆ ಹೋಗಲೊಲ್ಲಳು: ಈ ಸೌಕರ್ಯ ಬರುವ ಮೊದಲೇ ಅವಳ ಮಗಳು ತೀರಿಕೊಂಡಳು, ಮಗಳಿಗೆ ಸಿಗದ ಜಾಗ ತನಗೆ ಬೇಡವೆಂದು ಗಂಡನೂ ಹಾಗೆಯೇ ಸತ್ತ. ಸಾವಿನಾಚೆ ಅವರು ಕಾಯುತ್ತಿದ್ದಾರೆಂಬ ನಂಬಿಕೆ ಅವಳಿಗಿಲ್ಲ. ಅವರಿಬ್ಬರೂ ಎಲ್ಲೂ ಇಲ್ಲವೆಂದೇ ಅವಳ ಎಣಿಕೆ, ಆದರೂ ಅವರಿಲ್ಲದ ಕಡೆ ತಾನೊಬ್ಬಳೇ ಉಳಿಯುವುದು ದ್ರೋಹವೆನಿಸುತ್ತದೆ. ಕೊನೆಗೆ ಅವಳು ಪ್ರೀತಿಸಿದವಳ ಬಳಿಗೆ ಹೋಗುತ್ತಾಳೆ, ಬಹಳ ಜನ ಅದನ್ನು ಸುಖಾಂತವೆನ್ನುತ್ತಾರೆ. ನನಗೆ ಅವಳ ನಿರಾಕರಣೆಯೇ ಹೆಚ್ಚು ಬಲವಾಗಿ ಕೇಳಿಸುತ್ತದೆ. ಅದನ್ನು ನೋಡಿದ ಮೇಲೂ ಆಸಕ್ತಿ ಉಳಿದರೆ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ವನ್ನು ಹಿಡಿಯಿರಿ, ಆದರೆ 2004ರ ಮೊದಲ ಕಂತಿನಿಂದಲ್ಲ, 2003ರ ಡಿಸೆಂಬರಿನಲ್ಲಿ ಬಂದ ಕಿರುಸರಣಿಯಿಂದ. ಅದನ್ನು ಬಿಟ್ಟರೆ ಉಳಿದದ್ದು ತಲೆಬುಡ ತಿಳಿಯುವುದಿಲ್ಲ.